ಬೈಲಪ್ಪನಿಗೆ ಹಾಕಿದ ಎಲೆ

ಬೈಲಪ್ಪ ಸತ್ತಿದ್ದಾನೆ ಎಂದು ಮೊದಲು ಹೇಳಿದವನು ನಾನು. ಪೊಲೀಸರಲ್ಲ, ಊರಿನ ಹಿರಿಯರಲ್ಲ, ಅವನ ತಾಯಿಯಂತೂ ಅಲ್ಲವೇ ಅಲ್ಲ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಟೈಲರ್ ಆದೆಪ್ಪ, ಅಂದರೆ ನಾನು, ಒಂದು ಒದ್ದೆ ಅಂಗಿಯ ಜೇಬನ್ನು ಮಗುಚಿ ನೋಡಿ ಹೇಳಿಬಿಟ್ಟೆ. ಹೇಳುವುದಕ್ಕೆ ಒಂದು ಗಳಿಗೆ ಸಾಕಾಯಿತು. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಮೂರು ವರ್ಷ ಬೇಕಾಯಿತು.

ಬೈಲಪ್ಪ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಮಿಲ್ಲಿನ ಹಿಂದಿನ ಬೀದಿಯಲ್ಲೇ ಅವನ ಮನೆ, ಎರಡು ಮನೆ ಆಚೆ ನಮ್ಮದು. ಅವನ ಎದೆ ನಲವತ್ತೆರಡು ಇಂಚು. ನನ್ನ ಟೇಪಿಗೆ ಸಿಕ್ಕಿದ ಎದೆಗಳಲ್ಲೆಲ್ಲ ಅದೇ ದೊಡ್ಡದು. ಅಳತೆ ತೆಗೆಯುವಾಗಲೆಲ್ಲ ನಾನು ಅವನನ್ನು ಬಯ್ಯುತ್ತಿದ್ದೆ, ನಿನ್ನೊಬ್ಬನ ಅಂಗಿಗೆ ಒಂದೂವರೆ ಜನದ ಬಟ್ಟೆ ಬೇಕಲ್ಲೋ ಎಂದು. ಅವನು ನಗುತ್ತಿದ್ದ. ನಕ್ಕರೆ ಟೇಪು ಇನ್ನೂ ಒಂದಿಂಚು ಸರಿಯುತ್ತಿತ್ತು.

ಅವನ ಊಟದ ಬಗ್ಗೆ ಹೇಳದಿದ್ದರೆ ಅವನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಮದುವೆ ಮನೆಗಳಲ್ಲಿ ಅವನು ಪಂಕ್ತಿಗೆ ಬಂದು ಕೂತನೆಂದರೆ ಅಡುಗೆಯವರು ಒಲೆಯ ಮೇಲೆ ಇನ್ನೊಂದು ಪಾತ್ರೆ ಏರಿಸುತ್ತಿದ್ದರು. ಬೇರೆಯವರಿಗೆ ಹೊತ್ತಿಗೆ ಹಸಿವಾದರೆ ಅವನಿಗೆ ಹೊತ್ತೆಲ್ಲ ಹಸಿವು. ಮುದ್ದೆ, ಅನ್ನ, ಹೋಳಿಗೆ ಯಾವುದಾದರೂ ಸರಿ, ಆದರೆ ಜೀವ ಬಿಡುತ್ತಿದ್ದುದು ಒತ್ತು ಶಾವಿಗೆ ಮತ್ತು ಹಿತಕಿದ ಅವರೆಬೇಳೆ ಸಾರಿಗೆ. ತಿಂಗಳಿಗೊಮ್ಮೆ ನಾನು ಬಟ್ಟೆ, ಗುಂಡಿ, ದಾರ ತರಲು ಹಿಂದೂಪುರಕ್ಕೆ ಹೋಗುವಾಗ ಅವನೂ ಮಿಲ್ಲಿಗೆ ಚಕ್ಕರ್ ಹೊಡೆದು ಬಸ್ಸು ಹತ್ತುತ್ತಿದ್ದ. ಬಟ್ಟೆ ಗಂಟು ಹೊರುತ್ತೇನೆ ಎನ್ನುವುದು ನೆಪ. ಅವನಿಗೆ ಬೇಕಾಗಿದ್ದುದು ಹಿಂದೂಪುರದ ಗಂಗುಲಮ್ಮನ ಶಾವಿಗೆ ಹೋಟೆಲು.

ಆ ಹೋಟೆಲಿಗೆ ಬೋರ್ಡಿಲ್ಲ. ಉದ್ದನೆಯ ಹೆಂಚಿನ ಕೊಟ್ಟಿಗೆ, ಎರಡು ಸಾಲು ಬೆಂಚು. ಒಳಗೆ ಇಬ್ಬರು ಹೆಂಗಸರು ಮರದ ಒರಳಿನ ಹಿಡಿಗೆ ಜೋತುಬಿದ್ದು ಒತ್ತುತ್ತಿದ್ದರೆ ಬೆಂದ ಹಿಟ್ಟಿನ ಉಂಡೆ ಸಣ್ಣ ಸಣ್ಣ ಎಳೆಯಾಗಿ ಕೆಳಗಿನ ತಟ್ಟೆಗೆ ಇಳಿಯುತ್ತಿರುತ್ತದೆ. ಮುತ್ತುಗದ ಎಲೆಯ ಮೇಲೆ ಬಿಸಿ ಶಾವಿಗೆ, ಪಕ್ಕದಲ್ಲಿ ಬಟ್ಟಲು ತುಂಬ ಸಾರು. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಲ್ಲದ ಮಂಡಿಯವರು, ಲಾರಿಯವರು, ಗೋರಂಟ್ಲದಿಂದ ಸಂತೆಗೆ ಬಂದವರು ಎಲ್ಲರೂ ಉಣ್ಣುವವರ ಬೆನ್ನ ಹಿಂದೆ ನಿಂತು ಕಾಯುತ್ತಾರೆ. ನನಗೆ ಆ ಗದ್ದಲ ಕಂಡರಾಗದು. ಕಾಯುವಾಗ ಬೇಸರ ಕಳೆಯಲು ಅವರಿವರ ಅಂಗಿ ನೋಡಿ ಎದೆಯ ಅಳತೆ ಹೇಳುತ್ತಿದ್ದೆ. ಮೂವತ್ತಾರು, ಮೂವತ್ತನಾಲ್ಕು, ಈ ಬಡಕಲನಿಗೆ ಮೂವತ್ತು. ಟೇಪು ಹಿಡಿಯದೆ ಕಣ್ಣಲ್ಲೇ ಹೇಳಿಬಿಡುತ್ತೇನೆ, ಅರ್ಧ ಇಂಚೂ ತಪ್ಪುವುದಿಲ್ಲ. ಜಂಬ ಅಂತಲೇ ಅಂದುಕೊಳ್ಳಿ, ನನಗೆ ಇರುವುದು ಅದೊಂದೇ ವಿದ್ಯೆ.

ಎಂಬತ್ತೊಂದನೇ ಇಸವಿಯಲ್ಲಿ ಬೈಲಪ್ಪ ಊರು ಬಿಟ್ಟ. ಅದೂ ತಿನ್ನುವ ವಿಷಯಕ್ಕೇ. ಮಹಾಲಯ ಅಮಾವಾಸ್ಯೆಯ ದಿನ ಅವನ ತಾಯಿ ಪೋಲಮ್ಮ ತೀರಿಹೋದ ಗಂಡನಿಗೆ ಎಡೆ ಇಟ್ಟಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು, ಹೊಸ ಬಟ್ಟೆ ಇಟ್ಟು, ಕಾಗೆ ಬಂದು ಮುಟ್ಟುವವರೆಗೆ ಮನೆಯವರು ಹಸಿದುಕೊಂಡು ಕಾಯಬೇಕು. ಈ ಮಹಾನುಭಾವ ಕಾಯಲಿಲ್ಲ. ತಾಯಿ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಪ್ಪನ ಎಲೆಯಿಂದ ಎರಡು ವಡೆ ಎತ್ತಿ ಬಾಯಿಗೆ ಹಾಕಿಕೊಂಡಿದ್ದ. ಪೋಲಮ್ಮ ಹಣೆ ಬಡಿದುಕೊಂಡು, ನಿನಗೂ ಎಡೆ ಇಡುವ ದಿನ ಬರಲಿ, ಆವಾಗ ಹೊಟ್ಟೆ ತುಂಬ ತಿನ್ನು ಅಂದುಬಿಟ್ಟಳು. ಅವನು ತುಂಬಿದ ಬಾಯಲ್ಲೇ ಎದ್ದು ಹೋದ. ಮತ್ತೆ ಬರಲಿಲ್ಲ.

ಪುಷ್ಯ ಮಾಸದಲ್ಲಿ ಕಂಬದೂರು ರಸ್ತೆಯ ಒಂದು ಹಾಳು ಬಾವಿಯಲ್ಲಿ ಹೆಣ ತೇಲಿತು. ನೀರಿನಲ್ಲಿದ್ದು ಮುಖದ ಗುರುತು ಹೋಗಿತ್ತು. ಬೈಲಪ್ಪ ಊರು ಬಿಟ್ಟಾಗ ಹಾಕಿಕೊಂಡಿದ್ದಂಥ ನೀಲಿ ಚೌಕಳಿಯ ಅಂಗಿ ನೋಡಿ ಯಾರೋ ನನ್ನನ್ನು ಕರೆಸಿದರು. ನಾನು ಜೇಬಿನ ಒಳಗೆ ಎರಡು ಸಾಲು ಹೊಲಿಗೆ ಹಾಕುತ್ತೇನೆ, ಬೇರೆ ಯಾವ ಟೈಲರೂ ಹಾಗೆ ಹಾಕುವುದಿಲ್ಲ. ಜೇಬು ಮಗುಚಿದೆ, ಎರಡು ಸಾಲು ಇತ್ತು. ನನ್ನ ಹೊಲಿಗೆ, ಇದು ಬೈಲಪ್ಪನ ಅಂಗಿ ಎಂದು ಹತ್ತು ಜನರ ಮುಂದೆ ಎದೆ ಉಬ್ಬಿಸಿ ಹೇಳಿದೆ.

ಹೇಳಿ ಬಾಯಿ ಮುಚ್ಚಿದ ಮೇಲೆ ಕಣ್ಣಿಗೆ ಬಿತ್ತು. ನೀರಲ್ಲಿ ಬಿದ್ದ ಹೆಣ ಊದಿರುತ್ತದೆ. ಊದಿದ ಮೇಲೂ ಆ ಅಂಗಿ ಹೆಣದ ಮೇಲೆ ಸಡಿಲವಾಗಿ ಮಡಿಕೆ ಬಿದ್ದಿತ್ತು. ಊರೂರು ಅಲೆದು ಸೊರಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಗಲ ಅಗಲ ಸೊರಗುವುದಿಲ್ಲ ಎಂದು ಟೈಲರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಪೊಲೀಸಿನವನು ಆಗಲೇ ಬರೆದುಕೊಂಡಿದ್ದ, ಹಿರಿಯರು ಪೋಲಮ್ಮನ ಮನೆಯ ಕಡೆ ಹೊರಟಿದ್ದರು. ಸ್ವಂತ ಗಿರಾಕಿಯ ಅಳತೆ ತಿಳಿಯದ ಟೈಲರ್ ಎಂದು ಯಾರು ಅನ್ನಿಸಿಕೊಳ್ಳುತ್ತಾರೆ? ಸುಮ್ಮನಾದೆ.

ಅಂದಿನಿಂದ ಪ್ರತಿ ವರ್ಷ ಆ ತಿಥಿಗೆ ಪೋಲಮ್ಮ ಮಗನಿಗೆ ಎಡೆ ಇಟ್ಟಳು. ಒತ್ತು ಶಾವಿಗೆ, ಹಿತಕಿದ ಅವರೆಬೇಳೆ ಸಾರು. ಎಲೆಯ ಮುಂದೆ ಇಡಲು ನಲವತ್ತೆರಡರ ಹೊಸ ಅಂಗಿ ನಾನೇ ಹೊಲಿದುಕೊಡುತ್ತಿದ್ದೆ. ಕಾಗೆ ಅವಳ ಕೈ ಎಲೆಯಿಂದ ಏಳುವ ಮೊದಲೇ ಬಂದು ಕೂರುತ್ತಿತ್ತು. ನನ್ನ ಮಗ ಸತ್ತಮೇಲೂ ಹಸಿವು ತಡೆಯ ಎಂದು ಅವಳು ಅಳುತ್ತಾ ನಗುತ್ತಿದ್ದಳು. ನನಗೆ ಆ ಕಾಗೆಯನ್ನು ನೋಡಲು ಆಗುತ್ತಿರಲಿಲ್ಲ. ಅದು ಉಣ್ಣುವಾಗ ಒಂದೇ ಸಮ ನನ್ನನ್ನೇ ನೋಡುತ್ತಿತ್ತು. ಅದಕ್ಕೇ ಮೂರನೇ ವರ್ಷ, ಎಂಬತ್ತೈದರಲ್ಲಿ, ಅಂಗಿಯನ್ನು ಹಿಂದಿನ ದಿನವೇ ಕೊಟ್ಟು, ಸಂಕ್ರಾಂತಿ ಕೆಲಸ ತಲೆ ಮೇಲೆ ಕೂತಿದೆ ಎಂದು ಸುಳ್ಳು ಹೇಳಿ, ತಿಥಿಯ ದಿನ ಬೆಳಿಗ್ಗೆಯ ಬಸ್ಸಿಗೆ ಹಿಂದೂಪುರಕ್ಕೆ ಓಡಿಹೋದೆ.

ಬೈಲಪ್ಪ ಹೋದ ಮೇಲೆ ಒಮ್ಮೆಯೂ ಕಾಲಿಡದಿದ್ದ ಗಂಗುಲಮ್ಮನ ಹೋಟೆಲಿನಲ್ಲಿ ಹನ್ನೆರಡು ಗಂಟೆಗೆ ಬೆನ್ನುಗಳ ಹಿಂದೆ ಕಾದು ಕಾದು ಒಂದು ಜಾಗ ಹಿಡಿದೆ. ಎದುರಿನವನು ಎದ್ದು ಹೋದ ಕೂಡಲೇ ಇನ್ನೊಬ್ಬ ಬಂದು ಕೂತ. ಅಭ್ಯಾಸಬಲದಿಂದ ಮೊದಲು ಅವನ ಹೆಗಲು ನೋಡಿದೆ. ಹೆಗಲು ನಲವತ್ತೆರಡರದು, ಎದೆ ಮೂವತ್ತಾರು ಕೂಡ ಇರಲಾರದು. ಇದೇನು ಅಳತೆ, ದೊಡ್ಡ ಗೂಟಕ್ಕೆ ಸಣ್ಣ ಅಂಗಿ ನೇತುಹಾಕಿದ ಹಾಗೆ ಅಂದುಕೊಂಡು ಮುಖ ನೋಡಿದೆ. ಬೈಲಪ್ಪ.

ಎದ್ದು ಓಡೋಣವೆಂದರೆ ಹಿಂದೆ ಮೂರು ಸಾಲು ಜನ. ಅಷ್ಟು ಜನರ ನಡುವೆ ನಾನೊಬ್ಬನೇ ಅವನನ್ನು ನೋಡುತ್ತಿದ್ದೇನೋ, ಅವನು ಯಾರಿಗೂ ಕಾಣುತ್ತಿಲ್ಲವೋ ಎಂದು ಬೆವರು ಬಂತು. ಅಷ್ಟರಲ್ಲಿ ಗಂಗುಲಮ್ಮ ಬಂದು ನನಗೊಂದು, ಅವನಿಗೊಂದು ಎಲೆ ಹಾಕಿದಳು. ಆ ಎಲೆಯ ಸದ್ದು ಕೇಳಿ ನನಗೆ ಹೋದ ಜೀವ ಬಂತು. ಅವಳು ಅವನ ಕಡೆ ನೋಡದೆ ನನಗೆ ಹೇಳಿದಳು, ಈತ ಮೊದಲು ನಿನ್ನ ಜೊತೆ ಬರುತ್ತಿದ್ದವನಲ್ಲವಾ, ಸ್ವಲ್ಪ ಬುದ್ಧಿ ಹೇಳು, ವಾರಕ್ಕೊಮ್ಮೆ ಬರುತ್ತಾನೆ, ಎಲೆ ಹಾಕಿಸಿಕೊಳ್ಳುತ್ತಾನೆ, ಮುಟ್ಟದೆ ಎದ್ದು ಹೋಗುತ್ತಾನೆ ಎಂದು. ಆಮೇಲೆ ಅವನಿಗೆ, "ತಿನು ನಾಯನಾ, ಚಲ್ಲಾರಿಪೋತುಂದಿ," ಎಂದು ಆರಿಹೋಗುವ ಮೊದಲು ಉಣ್ಣಲು ಹೇಳಿ ಮುಂದಿನ ಎಲೆಗೆ ಹೋದಳು.

"ಹೆದ್ರುಬ್ಯಾಡ ಕಣ್ಲಾ ಆದೆಪ್ಪ," ಅಂದ ಬೈಲಪ್ಪ. "ಬದ್ಕಿವ್ನಿ."

ಎಲೆಯ ಮೇಲೆ ಶಾವಿಗೆ ಹೊಗೆಯಾಡುತ್ತಿತ್ತು. ಅವನು ಅದನ್ನು ನೋಡುತ್ತಾ, ಪಕ್ಕದವನ ಮೊಣಕೈ ತಗುಲಿದಾಗಲೆಲ್ಲ ಸರಿದು ಕೂರುತ್ತಾ, ನಿಧಾನವಾಗಿ ಎಲ್ಲ ಹೇಳಿದ. ಊರು ಬಿಟ್ಟು ಗುಂತಕಲ್ಲಿಗೆ ಹೋಗಿದ್ದನಂತೆ. ಚಳಿಗಾಲದ ಹೊತ್ತಿಗೆ ಕೂಲಿ ಸಿಗದೆ ಸ್ಟೇಷನ್ನಿನಲ್ಲಿ ಎರಡು ದಿನ ಉಪವಾಸ. ಅಲ್ಲೊಬ್ಬ ಬಡಕಲ ಮನುಷ್ಯ ಬುತ್ತಿ ಬಿಚ್ಚಿದ್ದ, ಚಳಿಗೆ ಮೈಮೇಲೆ ಬಟ್ಟೆ ಇರಲಿಲ್ಲ. ಇವನು ಅಂಗಿ ಬಿಚ್ಚಿ ಕೊಟ್ಟು ಬುತ್ತಿ ತೆಗೆದುಕೊಂಡ. ಆ ಮನುಷ್ಯ ಕೂಲಿ ಹುಡುಕಿಕೊಂಡು ನಮ್ಮ ಕಡೆಗೇ ಹೊರಟಿದ್ದನಂತೆ. ಹೆಸರು ಕೇಳಿದೆಯಾ ಎಂದು ನಾನು ಕೇಳಿದೆ. ಬುತ್ತಿ ಸಿಕ್ಕ ಮೇಲೆ ಹೆಸರು ಯಾರಿಗೆ ಬೇಕಿತ್ತು, ಅಂದ.

ಆಮೇಲೆ ಲಾರಿಗಳಲ್ಲಿ ಮೂಟೆ ಹೊರುತ್ತಾ ಹಿಂದೂಪುರದ ಬೆಲ್ಲದ ಮಂಡಿಗೆ ಸೇರಿಕೊಂಡ. ಆದರೆ ಆ ಪುಷ್ಯ ಮಾಸದಿಂದ ಹಸಿವು ನಿಂತುಹೋಗಿತ್ತು. ಏನೂ ಕಾಯಿಲೆಯಿಲ್ಲ, ಹಸಿವಿಲ್ಲ ಅಷ್ಟೆ. ಬಾಯಿಗೆ ಹಾಕಿದ್ದು ಮಣ್ಣು. ಸಾಯಬಾರದೆಂದು ದಿನಕ್ಕೆರಡು ತುತ್ತು ನೀರು ಕುಡಿದು ಒಳಗೆ ತಳ್ಳುತ್ತಿದ್ದ. ವರ್ಷಕ್ಕೆ ಒಂದೇ ದಿನ, ಒಂದೇ ಗಳಿಗೆ, ಮಧ್ಯಾಹ್ನದ ಹೊತ್ತಿಗೆ, ಎಲ್ಲಿದ್ದರೂ ಬಾಯಲ್ಲಿ ಅಮ್ಮನ ಸಾರಿನ ರುಚಿ ಬರುತ್ತಿತ್ತು, ಹೊಟ್ಟೆ ತುಂಬಿ ತೇಗು ಬರುತ್ತಿತ್ತು. ಅದೇನೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಎರಡನೇ ವರ್ಷ ನಮ್ಮ ಕಡೆಯ ಬೆಳುಗುಪ್ಪದ ಲಾರಿಯವನೊಬ್ಬ ಅವನನ್ನು ಮಂಡಿಯಲ್ಲಿ ಕಂಡು, ಲಾರಿ ಹತ್ತಿ ಬಾಗಿಲು ಹಾಕಿಕೊಂಡು, ಕಿಟಕಿಯಿಂದಲೇ ಅವನ ಸಾವಿನ ಸುದ್ದಿ ಹೇಳಿದ.

ಹೋದ ವರ್ಷದ ತಿಥಿಗೆ ಅವನು ಕಲ್ಯಾಣದುರ್ಗಕ್ಕೆ ಬಂದಿದ್ದನಂತೆ. ನಮ್ಮಲ್ಲಿ ಹೆಸರು ಹಿಡಿದು ಎಡೆ ಇಡಿಸಿಕೊಂಡವನು ತಾನಾಗಿ ಹೊಸ್ತಿಲು ದಾಟುವಂತಿಲ್ಲ. ಎಡೆ ಇಟ್ಟವರೇ ಹೆಸರು ಹಿಡಿದು ಒಳಗೆ ಕರೆಯಬೇಕು. ಕರೆಯದೆ ಬಂದದ್ದು ದೆವ್ವ. ಹಾಗೆಂದು ಅವನು ಮಿಲ್ಲಿನ ಗೋಡೆಗೆ ಒರಗಿ ನಿಂತಿದ್ದ. ಪೋಲಮ್ಮ ಎಡೆ ಇಟ್ಟಳು, ಕಾಗೆ ಬಂತು, ಅವನ ಹೊಟ್ಟೆ ತುಂಬಿತು. ಅವಳು ತಲೆಯೆತ್ತಿ ನೇರವಾಗಿ ಅವನನ್ನೇ ನೋಡಿದಳು. ಉಂಡೆಯಲ್ಲಪ್ಪ, ಇನ್ನು ಹೋಗು ಅಂದಳು. ಬಾಗಿಲು ಹಾಕಿಕೊಂಡಳು.

ನಾನು ತುತ್ತು ಎತ್ತಿದ್ದವನು ಹಾಗೇ ಇಳಿಸಿದೆ.

"ನಿನ್ನ ಬಾಯಾಗೆ ಸತ್ತೆ ಕಣ್ಲಾ," ಅಂದ. "ನಿನ್ನ ಬಾಯಾಗೇ ಬದುಕ್ಬೇಕು. ನೀನು ಹೇಳಿದ್ರೇ ಅವ್ಳು ಕರೆಯೋದು. ಇನ್ನೊಂದು ವರ್ಷ ಹಿಂಗೇ ಆದ್ರೆ ನಾನು ಉಳಿಯಾಕಿಲ್ಲ."

ಆಮೇಲೆ ಕೇಳಿದ, ನಾನು ಹೆದರುತ್ತಿದ್ದ ಮಾತನ್ನೇ ಕೇಳಿದ. "ಅಂಗಿ ಆ ಬಡಕಲನ್ಗೆ ಸಡ್ಲ ಇರ್ಲಿಲ್ವೇನ್ಲಾ?"

"ನೀರಾಗೆ ಊದ್ಕೊಂಡಿತ್ತು," ಅಂದೆ. "ಸರಿಯಾಗೇ ಕುಂತಿತ್ತು."

ಗೆಳೆಯ ಎದುರಿಗೆ ಕೂತು ಜೀವ ಕೇಳುತ್ತಿದ್ದರೆ ನಾನು ಆಗಲೂ ನನ್ನ ಕತ್ತರಿಯ ಮರ್ಯಾದೆ ಕಾಯುತ್ತಿದ್ದೆ. ಥೂ ನನ್ನ ಜನ್ಮಕ್ಕೆ. ಅವನು ತಲೆಯಾಡಿಸಿದ, ನಂಬಿದ. ಅವನು ಚಿಕ್ಕಂದಿನಿಂದಲೂ ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದವನು.

ಹೋಟೆಲಿನ ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಒರಳು ಒತ್ತುವ ಹೆಂಗಸರು, ಕೂಗುವ ಲಾರಿಯವರು, ಸಾರು ಸುರಿಯುವ ಸದ್ದು, ಎಲ್ಲ ಇದ್ದ ಹಾಗೇ ಇತ್ತು. ಬೈಲಪ್ಪ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಕಣ್ಣು ಮುಚ್ಚಿದ. ಅವನ ಕೈ ಎರಡೂ ತೊಡೆಯ ಮೇಲಿದ್ದವು, ಎಲೆಯ ಶಾವಿಗೆ ಮುಟ್ಟಿರಲಿಲ್ಲ. ದವಡೆ ಮಾತ್ರ ಆಡತೊಡಗಿತು. ಅಗಿದ, ನುಂಗಿದ, ಮತ್ತೆ ಅಗಿದ. ಗಂಟಲಲ್ಲಿ ತುತ್ತು ಇಳಿಯುವುದು ನನಗೆ ಕಾಣುತ್ತಿತ್ತು. ತುಟಿಯ ಅಂಚಿನಲ್ಲಿ ಅವರೆಬೇಳೆಯ ಹಸಿರು ಸಾರು ಒಂದು ಹನಿ ಬಂದು ನಿಂತಿತು. ಅವನ ಮುಂದಿನ ಬಟ್ಟಲಲ್ಲಿ ಸಾರು ಕೆನೆಗಟ್ಟಿ ಹಾಗೇ ಇತ್ತು. ಪಕ್ಕದಲ್ಲಿ ಕೂತಿದ್ದ ಮಂಡಿಯವನು ಅದನ್ನು ನೋಡಿ, ಅರ್ಧ ಉಂಡ ಎಲೆ ಬಿಟ್ಟು ಎದ್ದು ಹೋದ. ಕಾಯುತ್ತಿದ್ದವರು ಅಷ್ಟು ಜನರಿದ್ದರೂ ಆ ಖಾಲಿ ಜಾಗಕ್ಕೆ ಯಾರೂ ಬರಲಿಲ್ಲ.

ಬೈಲಪ್ಪ ದೊಡ್ಡದಾಗಿ ತೇಗಿದ. ಕಣ್ಣು ಬಿಟ್ಟ.

"ಇಟ್ಟವ್ಳೆ," ಅಂದ. "ಇವತ್ತು ಸಾರಿಗೆ ಉಪ್ಪು ಮರ್ತವ್ಳೆ."

ಆ ಮೇಲೆ ನಾನು ಬಟ್ಟೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಗಂಗುಲಮ್ಮನಿಗೆ ಹೇಳಿ, ಅವನ ರೆಟ್ಟೆ ಹಿಡಿದು ಬಸ್ಸು ಹತ್ತಿಸಿದೆ. ಆ ರೆಟ್ಟೆ ಐಸಿನಷ್ಟು ತಣ್ಣಗಿತ್ತು. ದಾರಿಯುದ್ದಕ್ಕೂ ಅವನು ಕಿಟಕಿಗೆ ತಲೆಯಾನಿಸಿ ಕೂತಿದ್ದ. ಪೋಲಮ್ಮನಿಗೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು, ಕಡೆಗೆ ಒಂದು ನಿರ್ಧಾರಕ್ಕೆ ಬಂದೆ. ಹೊಲಿಗೆ ನೋಡಿ ಮೋಸಹೋದೆ ಎನ್ನುವುದು. ಸಡಿಲದ ಮಾತು ಎತ್ತಬಾರದು. ಅವನೂ ಬದುಕಲಿ, ನನ್ನ ಹೆಸರೂ ಉಳಿಯಲಿ.

ಕಲ್ಯಾಣದುರ್ಗ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಬೈಲಪ್ಪ ಮಿಲ್ಲಿನ ಗೋಡೆಯ ಹತ್ತಿರ ನಿಂತ. ನಾನು ಒಳಗೆ ಹೋದೆ. ಎಡೆಯ ಎಲೆ ಇನ್ನೂ ಜಗಲಿಯ ಮೇಲಿತ್ತು, ಪಕ್ಕದಲ್ಲಿ ನಲವತ್ತೆರಡರ ಹೊಸ ಅಂಗಿ. ಪೋಲಮ್ಮ ನನಗೆ ಎಂದು ಎತ್ತಿಟ್ಟಿದ್ದ ಶಾವಿಗೆ, ಸಾರು ತಂದಿಟ್ಟಳು. ಬೇಡವೆನ್ನಲಾಗದೆ ಒಂದು ತುತ್ತು ಬಾಯಿಗಿಟ್ಟೆ. ಉಪ್ಪಿರಲಿಲ್ಲ.

ಇವತ್ತು ಉಪ್ಪು ಹಾಕಲು ಮರೆತೆ, ಆದರೂ ಕಾಗೆ ಬಂತು ಎಂದಳು.

ಎಲೆ ಬಿಟ್ಟು ಅವಳ ಕಾಲು ಹಿಡಿದುಕೊಂಡೆ. ದೊಡ್ಡಮ್ಮ, ಬೈಲಪ್ಪ ಸತ್ತಿಲ್ಲ, ಅಂಗಿ ಬೇರೆಯವನ ಮೈಮೇಲಿತ್ತು, ನನ್ನ ಹೊಲಿಗೆಯೇ ನನಗೆ ಮೋಸ ಮಾಡಿತು ಅಂದೆ. ಗುಂತಕಲ್ಲು, ಬುತ್ತಿ, ಬಡಕಲ ಮನುಷ್ಯ ಎಲ್ಲ ಹೇಳಿದೆ. ಹೋದ ವರ್ಷ ಗೋಡೆಯ ಹತ್ತಿರ ನಿಂತಿದ್ದವನು ಜೀವಂತ ಬೈಲಪ್ಪನೇ ಎಂದೆ. ಅವಳು ಅಳುತ್ತಾಳೆ, ಓಡಿಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಕದಲಲಿಲ್ಲ. ಜಗಲಿಯ ಎಲೆಯನ್ನೇ ನೋಡುತ್ತಿದ್ದಳು.

"ಹಂಗಾದ್ರೆ ಇಷ್ಟು ದಿನ ಇಲ್ಲಿ ಉಂಡೋನು ಯಾರಪ್ಪ?" ಅಂದಳು.

ಆ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಬೈಲಪ್ಪನ ಹೊಟ್ಟೆಯ ಚಿಂತೆ ಬೈಲಪ್ಪನಿಗೆ, ನನ್ನ ಕತ್ತರಿಯ ಚಿಂತೆ ನನಗೆ. ಬಾವಿಯಲ್ಲಿ ಬಿದ್ದವನ ಚಿಂತೆ ಯಾರಿಗೂ ಇರಲಿಲ್ಲ.

ಪೋಲಮ್ಮ ಎದ್ದು ಹಳೆಯ ಎಲೆ ತೆಗೆದಳು. ಹೊಸದೊಂದು ಎಲೆ ಹಾಕಿದಳು. ಮಡಕೆಯಲ್ಲಿ ಉಳಿದಿದ್ದ ಸಾರಿಗೆ ಉಪ್ಪು ಹಾಕಿ ಕಲಸಿ, ಶಾವಿಗೆ ಬಡಿಸಿ, ಕೈಮುಗಿದು ನಿಂತಳು.

"ನೀನು ಯಾರ ಮಗನೋ ಕಾಣೆ ನಾಯನಾ," ಅಂದಳು. "ಬೈಲನ ಹೆಸ್ರಲ್ಲಿ ಕರ್ದೆ, ಬಂದು ಉಂಡೆ. ಇನ್ಮ್ಯಾಕೆ ನಿಂಗೇ ಅಂತ ಇಡ್ತೀನಿ. ನನ್ನ ಮಗನ್ನ ಬಿಟ್ಬುಡು."

ಸಂಜೆ ಹೊತ್ತಿನಲ್ಲಿ ಕಾಗೆಗಳು ಮರ ಸೇರಿರುತ್ತವೆ. ಆದರೂ ಒಂದು ಕಾಗೆ ಮಿಲ್ಲಿನ ಗೋಡೆಯಿಂದ ಇಳಿದು, ಜಗಲಿಯ ತುದಿಗೆ ಕೂತು, ಎಲೆಗೆ ಬಾಯಿ ಹಾಕಿತು. ಉಂಡು ಹಾರುವವರೆಗೂ ಪೋಲಮ್ಮ ಕಾದಳು. ಆಮೇಲೆ ಹೊಸ್ತಿಲ ಮೇಲೆ ನಿಂತು, ಮೂರು ವರ್ಷ ಎಲೆಯ ಮುಂದೆ ಕರೆದ ಹೆಸರನ್ನು ಬೀದಿಯ ಕಡೆ ತಿರುಗಿ ಕರೆದಳು. "ಬೈಲಾ, ಬಾರಪ್ಪ ಒಳಕ್ಕೆ."

ಬೈಲಪ್ಪ ಗೋಡೆ ಹಿಡಿದುಕೊಂಡು ಬಂದ. ಹೊಸ್ತಿಲು ದಾಟುವಾಗ ಮುಗ್ಗರಿಸಿದ. ತಾಯಿ ಅವನ ಮುಖ ಮುಟ್ಟಿದಳು, ಹೆಗಲು ಮುಟ್ಟಿದಳು, ಕೈ ಬೆಚ್ಚಗಿದೆಯೇ ಎಂದು ನೋಡಿದಳು. ಅವನು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ.

"ಅಮ್ಮಾ," ಅಂದ, "ಹೊಟ್ಟೆ ಹಸೀತೈತೆ."

ಆವಾಗ ಅತ್ತಳು ಪೋಲಮ್ಮ. ಅಳುತ್ತಲೇ ಎಲೆ ಹಾಕಿದಳು, ಅಳುತ್ತಲೇ ಬಡಿಸಿದಳು. ಅವನು ಉಂಡ. ಮಡಕೆ ಖಾಲಿಯಾಗುವವರೆಗೆ ಉಂಡ. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ, ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಎಲ್ಲ ಸರಿಹೋಯಿತು, ಯಾರಿಗೂ ಏನೂ ತಿಳಿಯಲಿಲ್ಲ ಅಂದುಕೊಂಡೆ.

ಪೋಲಮ್ಮ ಕಣ್ಣೊರೆಸಿಕೊಂಡು ಜಗಲಿಯ ಮೇಲಿದ್ದ ಹೊಸ ಅಂಗಿ ಎತ್ತಿಕೊಂಡಳು. ಇದು ಬೈಲನಿಗಿರಲಿ, ಮತ್ತೆ ಮೈ ತುಂಬಿಕೊಳ್ಳುತ್ತಾನೆ, ಬರುವ ತಿಥಿಗೆ ಆ ಇನ್ನೊಬ್ಬನಿಗೂ ಒಂದು ಹೊಲಿದುಕೊಡು, ಪಾಪ ಬೇರೆಯವರ ಅಂಗಿಯಲ್ಲೇ ತಿರುಗುತ್ತಿದ್ದಾನೆ ಅಂದಳು. ಅವನ ಅಳತೆ ನಿನಗೆಲ್ಲಿ ಸಿಗುತ್ತದೆ ಎಂದೂ ಕೇಳಿದಳು.

"ಎದೆ ಮೂವತ್ತೆರಡು," ಅಂದೆ.

ಯೋಚಿಸದೆ ಅಂದೆ. ಅಳತೆ ಕೇಳಿದರೆ ನನ್ನ ಬಾಯಿ ತಾನಾಗಿ ಹೇಳುತ್ತದೆ.

ಬೈಲಪ್ಪನ ಕೈ ಎಲೆಯ ಮೇಲೆ ನಿಂತಿತು. ಪೋಲಮ್ಮ ಕೈಯಲ್ಲಿದ್ದ ಅಂಗಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬಯ್ಯಲಿಲ್ಲ.

"ಮೂರು ವರ್ಷ ನಲವತ್ತೆರಡೇ ಹೊಲ್ದು ತಂದ್ಕೊಟ್ಯಲ್ಲಪ್ಪ," ಅಂದಳು.